ಕಾರಿನೊಳಗಿನ ಕಂಬಳಿ

ಹೋದ ತಿಂಗಳು ಮೊಮ್ಮಗಳು ಹೊಸ ಕಾರು ನೋಡಲು ಹೊರಟವಳು ನನ್ನನ್ನೂ ಎಳೆದುಕೊಂಡು ಹೋದಳು. ಸೋಲಾಪುರದಿಂದ ಹೋಟಗಿ ಕಡೆ ಹೋಗುವ ರಸ್ತೆಯ ಮೇಲೆ ಗಾಜಿನ ದೊಡ್ಡ ಅಂಗಡಿ. ಒಳಗೆ ತಣ್ಣನೆಯ ಗಾಳಿ, ಕಣ್ಣು ಕುಕ್ಕುವ ದೀಪ, ಮೂಲೆಯಲ್ಲಿ ಸುತ್ತ ಹಗ್ಗ ಕಟ್ಟಿ ನಿಲ್ಲಿಸಿದ ಒಂದು ಹಳೆಯ ಕಾರು. ಗಿರಾಕಿಗಳು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ದುಂಡನೆಯ ಬಾನೆಟ್ಟು, ಮುಂದಕ್ಕೆ ಬಾಗಿದ ಹಣೆ. ಗುರುತಿಸಲು ನನಗೆ ಕನ್ನಡಕವೂ ಬೇಕಾಗಲಿಲ್ಲ. ಐವತ್ತರ ದಶಕದಲ್ಲಿ ನಮ್ಮ ದೇಶದ್ದೇ ಒಂದು ಕಂಪನಿ ಮಾಡಿದ ಕಾರು ಅದು. ಪಕ್ಕದ ಫಲಕದಲ್ಲಿ ಬರೆದಿತ್ತು: ಭಾರತದ ರಸ್ತೆಗಳಿಗೆಂದೇ ನಮ್ಮ ಎಂಜಿನಿಯರುಗಳು ರೂಪಿಸಿದ ವಾಹನ, ದೇಶದ ಹೆಮ್ಮೆ.

ಹೆಮ್ಮೆಯಂತೆ! ನನಗೆ ಮೈಯೆಲ್ಲ ಉರಿದುಹೋಯಿತು. ಜನ ನೋಡಲೆಂದು ಕಾರಿನ ಮುಂದಿನ ಒಂದು ಗಾಲಿಯನ್ನು ಬಿಚ್ಚಿ, ಒಳಗಿನ ಕಬ್ಬಿಣಕ್ಕೆ ಬಣ್ಣ ಹೊಡೆದಿಟ್ಟಿದ್ದರು. ನಾನು ಹಗ್ಗ ದಾಟಿ ಬಗ್ಗಿದೆ. ಎಣ್ಣೆ ಕುಡಿದ ಉಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಗಾಲಿ ತಿರುಗುವ ಗೂಟದ ಕೊರಳಿಗೆ, ನಾನು ಬಲ್ಲ ಜಾಗದಲ್ಲೇ, ಉಣ್ಣೆಯ ಬಳೆಯೊಂದು ಕೂತಿತ್ತು. ಟೈ ಕಟ್ಟಿದ ಹುಡುಗನೊಬ್ಬ ಓಡಿಬಂದು "ಆಜೀ, ಹಾತ್ ಲಾವೂ ನಕಾ" ಎಂದ. ಮುಟ್ಟಬಾರದಂತೆ. "ಇದು ಯಾರ ಬುದ್ಧಿ ಅಂತ ಗೊತ್ತೈತೇನೋ ನಿನಗ?" ಎಂದು ಕೇಳಿದೆ. ಅವನಿಗೆ ನನ್ನ ಕನ್ನಡ ತಿಳಿಯಲಿಲ್ಲ. ಮೊಮ್ಮಗಳು ನಾಚಿಕೊಂಡು ನನ್ನ ತೋಳು ಹಿಡಿದು ಹೊರಗೆ ತಂದಳು. ಅಂದಿನಿಂದ ಈ ಸಿಟ್ಟು ಇಳಿದಿಲ್ಲ. ಇಳಿಯಲಿ ಎಂದು ಬರೆಯುತ್ತಿಲ್ಲ. ಯಾಕೆ ಇಳಿಯಬಾರದು ಎಂದು ಬರೆಯುತ್ತಿದ್ದೇನೆ.

ಆಗ ನನಗೆ ಇಪ್ಪತ್ತೊಂದು. ಅಪ್ಪ ಅಕ್ಕಲಕೋಟದಲ್ಲಿ ಕನ್ನಡ ಸಾಲಿ ಮಾಸ್ತರ. ಮ್ಯಾಟ್ರಿಕ್ ಆದಮೇಲೆ ಟೈಪಿಂಗ್ ಕಲಿಯಲೆಂದು ನನ್ನನ್ನು ಸೋಲಾಪುರಕ್ಕೆ, ಗಿರಣಿಯಲ್ಲಿ ಕೆಲಸಕ್ಕಿದ್ದ ಸೋದರಮಾವನ ಮನೆಗೆ ಕಳಿಸಿದರು. ಕಲಿತು ಮುಗಿಯುವಷ್ಟರಲ್ಲಿ ನವಿ ಪೇಠದ ಒಂದು ಕಾರಿನ ಅಂಗಡಿಯಲ್ಲಿ ನೌಕರಿ ಸಿಕ್ಕಿತು. ಅರಿವೆ ಅಂಗಡಿಗಳ ಸಾಲಿನಲ್ಲಿ ಅದೊಂದೇ ಕಾರಿನ ಅಂಗಡಿ, ಅದರಲ್ಲಿ ನಾನೊಬ್ಬಳೇ ಹೆಣ್ಣು. ಮಾವನ ಹೆಂಡತಿ ಮೂರು ದಿನ ನನ್ನ ಜೊತೆ ಮಾತು ಬಿಟ್ಟಳು. ನಾನು ಮೊದಲಿನಿಂದಲೂ ಹಟಮಾರಿ, ಹೋಗುತ್ತಲೇ ಇದ್ದೆ.

ಅಂಗಡಿಯ ಶೇಠಜಿ ಅಲ್ಲಿಯತನಕ ಪರದೇಶದ ಕಾರು ಮಾರುತ್ತಿದ್ದವರು. ಪೆಟ್ಟಿಗೆಯಲ್ಲಿ ಬಂದ ಬಿಡಿಭಾಗಗಳನ್ನು ಮುಂಬೈಯಲ್ಲಿ ಜೋಡಿಸಿ ಇಲ್ಲಿಗೆ ಕಳಿಸುತ್ತಿದ್ದರು. ಇಲ್ಲೇ ತಯಾರಿಸುವವರು ಮಾತ್ರ ಇರಲಿ, ಬರೀ ಜೋಡಿಸುವವರು ಬೇಡ ಎಂದು ಸರಕಾರ ಹೇಳಿದ ಮೇಲೆ ಪರದೇಶದವರು ಗಂಟುಮೂಟೆ ಕಟ್ಟಿದರು. ಶೇಠಜಿ ಒಂದು ವಾರ ಹಣೆ ಹಣೆ ಬಡಿದುಕೊಂಡು, ಆಮೇಲೆ ನಮ್ಮ ದೇಶದ ಕಂಪನಿಯ ಏಜೆನ್ಸಿ ತಂದರು. ಕಂಪನಿಯ ಚಂದದ ಕಾಗದದಲ್ಲಿ ಮೂರು ಮಾಡೆಲ್‌ಗಳ ಚಿತ್ರಗಳಿದ್ದವು: ಸಣ್ಣದು, ನಡುವಿನದು, ಮಂತ್ರಿಗಳಿಗೆಂದು ದೊಡ್ಡದು. ನಮ್ಮ ಅಂಗಡಿಗೆ ಬಂದದ್ದು ಸಣ್ಣದೊಂದೇ. ಇಂಗ್ಲೆಂಡಿನಲ್ಲಿ ಹಳತಾಗಿ ಬಿಟ್ಟ ಅಚ್ಚನ್ನು ತಂದು ಇಲ್ಲಿ ಹೊಡೆದ ಕಾರು ಅದು. ನಮ್ಮ ಡ್ರೈವರ್ ಬೀರಪ್ಪ ಅದಕ್ಕೆ 'ಮರಿ' ಎಂದು ಹೆಸರಿಟ್ಟ. ಊರೆಲ್ಲ ಅದೇ ಹೆಸರು ಹಿಡಿಯಿತು.

ಬೀರಪ್ಪ ಚಪಳಗಾಂವದವನು. ಮನೆತನವೆಲ್ಲ ಕುರಿ ಕಾಯುವವರು. ಇವನೊಬ್ಬ ಯುದ್ಧದ ಕಾಲಕ್ಕೆ ಮಿಲಿಟರಿ ಲಾರಿ ಓಡಿಸಲು ಹೋಗಿ, ಬರುವಾಗ ಇಂಜಿನ್ ಬಿಚ್ಚಿ ಕೂಡಿಸುವ ವಿದ್ಯೆ ತಂದಿದ್ದ. ಮೇ ತಿಂಗಳ ಬಿಸಿಲಲ್ಲೂ ಹೆಗಲ ಮೇಲೆ ಕಂಬಳಿ, ಆದಿತ್ಯವಾರ ಹಣೆಗೆ ಮೈಲಾರನ ಭಂಡಾರ. ಓದು ಬರಹ ಇಲ್ಲ, ಸಹಿ ಮಾತ್ರ ಮಾಡುತ್ತಿದ್ದ. ಕಿವಿ ಎಂಥದೆಂದರೆ, ಬೀದಿ ತಿರುವಿನಲ್ಲಿ ಕಾರು ಬರುವಾಗಲೇ ಅದರ ರೋಗ ಹೇಳುತ್ತಿದ್ದ. ನನ್ನ ಟೈಪ್‌ರೈಟರನ್ನೂ ಬಿಡಲಿಲ್ಲ. "ಅಕ್ಕಾರ, ನಿಮ್ಮ ಮಿಷನ್ ಇವತ್ತ ಒಂದ ಕಾಲ ಎಳದ ನಡ್ಯಾಕತ್ತೈತ್ರಿ" ಎಂದು ಹೊರಗಿನಿಂದಲೇ ಕೂಗಿ, ಬಂದು ಒಂದು ಹನಿ ಎಣ್ಣೆ ಬಿಟ್ಟು ಹೋಗುತ್ತಿದ್ದ.

ದೀಪಾವಳಿಗೆ ಮುಂಚೆ ಮೊದಲ ಕಾರುಗಳು ಗೂಡ್ಸ್ ಗಾಡಿಯಲ್ಲಿ ಬಂದವು. ಬಾಗಿಲು ಹಾಕಿದರೆ ಕೂಡುತ್ತಿರಲಿಲ್ಲ, ಕೂಡಿದರೆ ತೆರೆಯುತ್ತಿರಲಿಲ್ಲ. ಬೀರಪ್ಪ ಹೊಚ್ಚ ಹೊಸ ಕಾರನ್ನು ಅಂಗಡಿ ಹಿಂದಿನ ಶೆಡ್ಡಿನಲ್ಲಿ ಪೂರ್ತಿ ಬಿಚ್ಚಿ, ಒಂದೊಂದೇ ಬೋಲ್ಟು ತಿರುಗಿ ಬಿಗಿಯುತ್ತಿದ್ದ. ಹೊಸದನ್ನು ಯಾಕೆ ಬಿಚ್ಚಬೇಕು ಎಂದು ನಾನು ಕೇಳಿದೆ.

"ಆಗ ಈದ ಮರಿ ಹಂಗ ಬಿಡತಾರೇನ್ರಿ ಅಕ್ಕಾರ? ನೆಕ್ಕಿ ಒಣಗಸಬೇಕು, ಕಾಲಮ್ಯಾಲ ನಿಂದರಸಬೇಕು. ಕಂಪನಿಯವರು ಹಡದ ಕೈಬಿಟ್ಟಾರ. ಇನ್ನ ಸಾಕಾವ್ರು ನಾವ."

ಸಂಕ್ರಮಣ ಮುಗಿಯುತ್ತಲೇ ಸೋಲಾಪುರದ ಧೂಳು ಏಳಲು ಶುರುವಾಗುತ್ತದೆ. ಆಗ ಊರ ಹೊರಗೆ ಡಾಂಬರು ಮುಗಿಯುತ್ತಿತ್ತು, ಅಲ್ಲಿಂದ ಮುಂದೆ ಅಕ್ಕಲಕೋಟದವರೆಗೆ ಎರೆಮಣ್ಣಿನ ಪುಡಿ. ಮುಂಜಾನೆ ಒರೆಸಿದ ಟೈಪ್‌ರೈಟರಿನ ಮೇಲೆ ಗಿರಣಿಯ ಮಧ್ಯಾಹ್ನದ ಭೋಂಗಾ ಕೂಗುವಷ್ಟರಲ್ಲಿ ಹೆಸರು ಬರೆಯಬಹುದಿತ್ತು. ಆ ಧೂಳು ಮರಿಗಳ ಕಾಲಿಗೆ ಹೊಕ್ಕಿತು. ದೀಪಾವಳಿಗೆ ಕೊಂಡವರು ಶಿವರಾತ್ರಿಗೆ ತಿರುಗಿ ಬಂದರು: ಸ್ಟಿಯರಿಂಗು ತಿರುಗುವುದಿಲ್ಲ, ತಿರುಗಿದರೆ ಜಗ್ಗುತ್ತದೆ. ನಾನು ಕಂಪನಿಗೆ ಪತ್ರದ ಮೇಲೆ ಪತ್ರ ಟೈಪ್ ಮಾಡಿದೆ. ಪ್ರತಿ ಸಲವೂ ಒಂದೇ ಉತ್ತರ: ಮಾಲೀಕರು ಸರಿಯಾಗಿ ಗ್ರೀಸು ಹಾಕುತ್ತಿಲ್ಲ, ಕಾರಿನಲ್ಲಿ ದೋಷವಿಲ್ಲ. ಕುರ್ಚಿಯಲ್ಲಿ ಕೂತು ಬರೆಯುವವರಿಗೆ ಚಪಳಗಾಂವದ ಧೂಳು ಎಲ್ಲಿ ಗೊತ್ತಾಗಬೇಕು!

ಒಂದು ದಿನ ಬೀರಪ್ಪ ನನ್ನನ್ನು ಶೆಡ್ಡಿಗೆ ಕರೆದು, ಬಿಚ್ಚಿದ ಗಾಲಿಯ ಒಳಗಿನ ಉಕ್ಕಿನ ಗೂಟ ತೋರಿಸಿದ. ಸ್ಟಿಯರಿಂಗು ತಿರುಗಿಸಿದಾಗ ಗಾಲಿ ತಿರುಗುವುದು ಅದರ ಮೇಲೆಯೇ. ಅದು ಒಂದು ಕಡೆ ಸವೆದು ಸಪುರಾಗಿತ್ತು. ಸುತ್ತಲಿನ ಗ್ರೀಸು ಕರ್ರಗೆ, ಮುಟ್ಟಿದರೆ ಚುರುಚುರು ಎನ್ನುವಷ್ಟು ಮರಳಾಗಿತ್ತು. "ಎಷ್ಟ ಗ್ರೀಸ್ ತುಂಬಿದ್ರೂ ಅಷ್ಟ ಧೂಳ ಹಿಡೀತೈತ್ರಿ. ಕೊರಳ ಬಿಚ್ಚಿ ಬಿಟ್ಟಾರ ನೋಡ್ರಿ, ಒಂದ ಅರಿವಿನೂ ಸುತ್ತಿಲ್ಲ" ಎಂದ. ಮರುವಾರ ಊರಿನಿಂದ ಒಂದು ಹಳೆಯ ಕಂಬಳಿ ತಂದ. ಹೊಸದು ನಡೆಯುವುದಿಲ್ಲವಂತೆ, ಅದಕ್ಕೆ ಹುಣಸೆಬೀಜದ ಗಂಜಿ ಹಾಕಿರುತ್ತಾರೆ, ಗಂಜಿ ನೀರು ಹಿಡಿದು ಕಬ್ಬಿಣಕ್ಕೆ ತುಕ್ಕು ಬರುತ್ತದೆ. ನಾಲ್ಕು ಮಳೆಗಾಲ ತಿಂದು ಗಂಜಿಯೆಲ್ಲ ಹೋಗಿ, ಎಳೆಗೆ ಎಳೆ ಅಂಟಿದ ಕಂಬಳಿಯೇ ಆಗಬೇಕು. ಅದರಿಂದ ಬಳೆಗಳನ್ನು ಕತ್ತರಿಸಿ, ಒಂದು ದಿನವಿಡೀ ಔಡಲ ಎಣ್ಣೆಯಲ್ಲಿ, ಅಂದರೆ ಹರಳೆಣ್ಣೆಯಲ್ಲಿ, ನೆನೆಹಾಕಿ, ಗೂಟದ ಕೊರಳಿಗೆ ತೊಡಿಸಿದ. ಆ ಕಾರು ತಿರುಗಿ ಬರಲಿಲ್ಲ. ಬಂದದ್ದು ಅದರ ಮಾಲೀಕ, ಪೇಢೆಯ ಪೊಟ್ಟಣ ಹಿಡಿದುಕೊಂಡು. ಆಮೇಲೆ ಬಂದ ಪ್ರತಿ ಮರಿಗೂ ಬೀರಪ್ಪ ಕಂಬಳಿ ಹೊದಿಸಿದ. ಶೇಠಜಿಗೆ ಎಲ್ಲ ಗೊತ್ತಿತ್ತು. ಪೇಢೆ ತಿಂದವರೂ ಅವರೇ.

ವೈಶಾಖದಲ್ಲಿ ಅಕ್ಕಲಕೋಟದ ಒಬ್ಬ ಪಾಟೀಲರ ಮರಿ ಬಂತು. ಎರಡೂ ಮುಂಗಾಲಿ ಜಗ್ಗುತ್ತಿದ್ದವು. ಬೀರಪ್ಪ ಎಡಗಡೆಯ ಗಾಲಿ ಬಿಚ್ಚಿ, ಹೊಸ ಗೂಟ ಹಾಕಿ, ಕಂಬಳಿ ತೊಡಿಸಿ ಮುಗಿಸಿದ್ದ. ಅಷ್ಟರಲ್ಲಿ ಪಾಟೀಲರೇ ಬಂದು ನಿಂತರು. ಅಂದು ಅವರ ಮಗಳ ನಿಶ್ಚಯ. ವರನ ಕಡೆಯವರು ಬಂದು ಕೂತಿದ್ದಾರೆ, ಮುಹೂರ್ತಕ್ಕೆ ಮುಂಚೆ ಸೀರೆ, ಸಾಮಾನು ತೆಗೆದುಕೊಂಡು ಊರು ಮುಟ್ಟಬೇಕು.

"ಬಲಗಡಿದು ಇನ್ನ ಬಿಚ್ಚಿಲ್ರಿ ಧಣ್ಯಾರ. ಗೂಟ ಸವದೈತಿ. ಸಂಜಿತನಾ ಬಿಡ್ರಿ" ಎಂದು ಬೀರಪ್ಪ ಅಂಗಲಾಚಿದ.

"ಸಂಜಿಗೆ ಬಂದು ನಿನ್ನ ಕಾರ್‌ಗೆ ಕುಂಕುಮ ಹಚ್ಚಲೇನು? ಮುಹೂರ್ತ ನಿಂದರತೈತೇನಲೇ?" ಎಂದರು ಪಾಟೀಲರು.

ಶೇಠಜಿ ಗಡಿಯಾರ ನೋಡಿ, "ಬೀರಪ್ಪಾ, ಗಾಲಿ ಕೂಡಸು. ನೀನಽ ಓಡಸ್ಕೊಂಡು ಹೋಗು. ನಾಳಿ ತಂದು ಮಾಡು. ಚಲ್, ಚಲ್" ಎಂದರು. ಇದನ್ನು ನಾನು ನನ್ನ ಕಿವಿಯಾರೆ ಕೇಳಿದ್ದೇನೆ.

ಹೋಟಗಿಯ ಕೂಡುರಸ್ತೆ ದಾಟಿದ ಮೇಲೆ ಒಂದು ಹಳ್ಳದ ಇಳಿಜಾರಿನಲ್ಲಿ ಬಲಗಡೆಯ ಗೂಟ ಮುರಿಯಿತು. ಗಾಲಿ ಒಳಕ್ಕೆ ಮಡಚಿಕೊಂಡು ಕಾರು ಹಳ್ಳಕ್ಕೆ ಬಿತ್ತು. ಪಾಟೀಲರ ಕೈ ಮುರಿಯಿತು, ಬೀರಪ್ಪನ ಮೊಣಕಾಲು ಒಡೆಯಿತು. ಯಾರೂ ಸಾಯಲಿಲ್ಲ, ಆದರೆ ನಿಶ್ಚಯದ ದಿನ ಅಪಶಕುನವಾಯಿತೆಂದು ವರನ ಕಡೆಯವರು ಎದ್ದು ಹೋದರು. ಪಾಟೀಲರು ಕೋರ್ಟು, ಕಚೇರಿ ಎಂದು ಅಬ್ಬರಿಸಿದರು.

ಹದಿನೈದು ದಿನಕ್ಕೆ ಕಂಪನಿಯಿಂದ ಒಬ್ಬ ಸಾಹೇಬ ಬಂದ. ಬಿಳಿ ಅಂಗಿ, ಕೈಗೆ ಧೂಳು ತಾಗದಂತೆ ಕರವಸ್ತ್ರ. ಹಳ್ಳದಿಂದ ಎಳೆದು ತಂದ ಕಾರಿನ ಸುತ್ತ ಒಂದು ಸುತ್ತು ಬಂದು, ಎಡಗಡೆಯ ಗಾಲಿ ಬಿಚ್ಚಿಸಿದ. ಕಂಬಳಿಯ ಬಳೆ ಕಂಡಿತು. ಅದನ್ನು ಚಿಮಟದಿಂದ ಎಳೆದು, ಸತ್ತ ಇಲಿಯನ್ನು ಹಿಡಿದಂತೆ ಎತ್ತಿ ಹಿಡಿದು, ಹೇಳಿಕೆ ಬರೆಸಿಕೊಳ್ಳಬೇಕು ಎಂದ. ಸಾಹೇಬನಿಗೆ ಕನ್ನಡ ಬಾರದು, ಬೀರಪ್ಪನಿಗೆ ಇಂಗ್ಲಿಷು ಬಾರದು. ನಡುವೆ ಟೈಪ್‌ರೈಟರಿನ ಮುಂದೆ ನಾನು.

ಇದನ್ನು ನೀನೇ ಹಾಕಿದೆಯಾ ಎಂದು ಸಾಹೇಬ ಕೇಳಿದ. ಬೀರಪ್ಪನ ಮುಖ ಅರಳಿತು. ಅಯ್ಯೋ, ಆ ಮುಖ! ಅಷ್ಟು ದೂರದಿಂದ ಬಂದ ದೊಡ್ಡ ಎಂಜಿನಿಯರು ತನ್ನ ಕೆಲಸ ಕಲಿಯಲು ಕೇಳುತ್ತಿದ್ದಾನೆಂದು ಅವನು ತಿಳಿದುಕೊಂಡ. ಕುರಿ ಕಾಯುವವರ ಕಡೆ ಹಂಗೇ. ಕುರಿಗೆ ಔಷಧ ಗೊತ್ತಿದ್ದವನು ಕೇಳಿದವನಿಗೆ ಹೇಳಲೇಬೇಕು, ಮುಚ್ಚಿಟ್ಟರೆ ಅವರ ದೇವರು ಬೀರೋಬ ಮೆಚ್ಚುವುದಿಲ್ಲ.

"ಹೌದ್ರಿ, ನಾನಽ ಹಾಕೀನ್ರಿ. ಎಲ್ಲಾ ಕಾರ್‌ಗೂ ನಾನಽ ಹಾಕೀನಿ. ಹಳಿ ಕಂಬಳಿ, ಔಡಲ ಎಣ್ಣಿ. ಸಾಹೇಬರಿಗೆ ಚಂದ ಮಾಡಿ ತಿಳಿಸಿ ಹೇಳ್ರಿ ಅಕ್ಕಾರ, ಗಂಜಿ ಇರಬಾರದು ಅಂತ." ಹೇಳಿದ್ದೆಲ್ಲ ನಾನು ಇಂಗ್ಲಿಷು ಮಾಡಿ ಟೈಪ್ ಮಾಡಿದೆ. ಆಮೇಲೆ ಅವನು ಬಲಗಡೆಯ ಮಾತು ತೆಗೆದ. ಆ ಗಾಲಿ ತಾನು ಮುಟ್ಟಿಲ್ಲ, ಕಂಬಳಿ ಹಾಕಿಲ್ಲ, ಸಂಜೆಯವರೆಗೆ ಬಿಡಿರೆಂದು ಕೇಳಿದೆ, ಬಿಡಲಿಲ್ಲ, ಮುರಿದದ್ದು ಅದೇ. ಕೈ ಮಾಡಿ ಮಾಡಿ, ಬಹಳ ಹೊತ್ತು ಹೇಳಿದ. ನಾನು ಸಾಹೇಬನಿಗೆ ತಿಳಿಸಿದೆ. ಅವನು ಅಂಗೈ ಅಡ್ಡ ಹಿಡಿದ: ಅದು ಬೇಕಿಲ್ಲ. ನಾನು ಶೇಠಜಿ ಕಡೆ ನೋಡಿದೆ. ಶೇಠಜಿ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದರು. ನನ್ನ ಬೆರಳುಗಳು ಮಡಿಲಿಗೆ ಬಂದು ಕೂತವು. ಹಟಮಾರಿ ಎಂದೆನಲ್ಲ, ಆ ಹಟ ಅಂದು ಎಲ್ಲಿ ಹೋಗಿತ್ತೋ! ನೌಕರಿ ಹೋದರೆ ಅಕ್ಕಲಕೋಟಕ್ಕೆ ಹೋಗಿ ಮದುವೆಗೆ ಕೂತುಕೊಳ್ಳಬೇಕಾದೀತೆಂಬ ಹೆದರಿಕೆ, ಅಷ್ಟೇ. ಎಡಗಡೆಯ ಮಾತಷ್ಟೇ ಇದ್ದ ಕಾಗದ ಹೊರಗೆ ತೆಗೆದು ಕೊಟ್ಟೆ. ಬೀರಪ್ಪ ನನ್ನ ಮುಖವನ್ನೊಮ್ಮೆ ನೋಡಿ, ಕಂಬಳಿ ಸರಿಮಾಡಿಕೊಂಡು, ನಿಧಾನವಾಗಿ ಸಹಿ ಮಾಡಿದ.

ಆ ಕಾಗದದ ಮೇಲೆ ಎಲ್ಲ ನಡೆಯಿತು. ಅನಧಿಕೃತ ವಸ್ತು ತುರುಕಿದ್ದರಿಂದ ಅಪಘಾತ, ಕಂಪನಿಯ ಹೊಣೆಯಿಲ್ಲ. ಶೇಠಜಿಯ ಏಜೆನ್ಸಿ ಉಳಿಯಿತು. ಬೀರಪ್ಪನ ನೌಕರಿ ಹೋಯಿತು, ಲೈಸೆನ್ಸು ಹೋಯಿತು. ಪರವಾನಗಿ ಇಲ್ಲದ ಡ್ರೈವರನನ್ನು ಯಾರು ಇಟ್ಟುಕೊಳ್ಳುತ್ತಾರೆ? ನವಿ ಪೇಠದ ಚಹಾದ ಅಂಗಡಿಗಳಲ್ಲಿ ಅದೊಂದು ನಗೆಚಾಟಿಕೆಯಾಯಿತು. "ಕುರಿ ಕಾಯಾವನ ಕೈಯಾಗ ಕಾರ್ ಕೊಟ್ರ ಮತ್ತೇನ ಆಗತೈತಿ? ಇಂಜಿನ್‌ಗೆ ಥಂಡಿ ಆಗತೈತೆಂತ ಕಂಬಳಿ ಹೊಚ್ಚ್ಯಾನ!" ಪೇಢೆ ತಂದಿದ್ದ ಗಿರಾಕಿಯೂ ನಕ್ಕ. ಅವನ ಕಾರು ಕಂಬಳಿಯ ಮೇಲೆಯೇ ಓಡುತ್ತಿತ್ತು.

ಮಳೆ ಬಂತು, ಹೋಯಿತು. ಹೊಲಗಳಲ್ಲಿ ಬಿಳಿಜೋಳ ತೆನೆಗೆ ಬಂತು. ಊರ ತುಂಬ ನಾವು ಯಾವ ರಾಜ್ಯಕ್ಕೆ ಸೇರುತ್ತೇವೆ ಎಂಬ ಜಗಳ. ಅಪ್ಪ ಪ್ರತಿ ಪತ್ರದಲ್ಲೂ ಅದನ್ನೇ ಬರೆಯುತ್ತಿದ್ದರು. ನನಗೆ ಯಾವುದರಲ್ಲೂ ಮನಸ್ಸಿರಲಿಲ್ಲ. ಟೈಪ್‌ರೈಟರು ಒಂದು ಕಾಲು ಎಳೆಯುತ್ತಲೇ ಇತ್ತು, ಎಣ್ಣೆ ಬಿಡುವವರಿರಲಿಲ್ಲ.

ಯುಗಾದಿಯ ಹೊತ್ತಿಗೆ ಹೊಸ ಮಾಡೆಲ್ ಬಂತು. ದುಂಡು ಬಾನೆಟ್ಟಿನ, ಮುಂದಕ್ಕೆ ಬಾಗಿದ ಹಣೆಯ ಅದೇ ಕಾರು. ಬೀರಪ್ಪ ಇದ್ದಿದ್ದರೆ 'ಟಗರು' ಎನ್ನುತ್ತಿದ್ದ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಬಿಡಿಭಾಗಗಳ ಪಟ್ಟಿಯನ್ನು ಮೂರು ಪ್ರತಿ ಟೈಪ್ ಮಾಡಲು ಶೇಠಜಿ ಕೊಟ್ಟರು. ಮುಂಗಾಲಿಯ ಪುಟಕ್ಕೆ ಬಂದೆ. ಗೂಟ, ಬುಶ್ಶು, ಗ್ರೀಸಿನ ನಿಪ್ಪಲ್ಲು. ಅದರ ಕೆಳಗೆ: ಧೂಳು ತಡೆಯುವ ಬಳೆ, ಒತ್ತಿದ ಉಣ್ಣೆ, ಎಣ್ಣೆಯಲ್ಲಿ ನೆನೆಸಿದ್ದು, ಎಡಕ್ಕೆ ಒಂದು, ಬಲಕ್ಕೆ ಒಂದು.

ಎರಡು ಸಲ ಓದಿದೆ. ಉಗ್ರಾಣಕ್ಕೆ ಹೋಗಿ ಪೆಟ್ಟಿಗೆ ಒಡೆಸಿ ನೋಡಿದೆ. ಬೆಳ್ಳನೆಯ ಬಳೆಗಳು, ಅದೇ ಅಗಲ, ಅದೇ ದಪ್ಪ. ಕಳ್ಳರು! ಸತ್ತ ಇಲಿ ಎಂದು ಎತ್ತಿಕೊಂಡು ಹೋದದ್ದನ್ನು ಅಳತೆ ಹಚ್ಚಿ, ಹೊಸ ಮಾಡೆಲಿಗೆ ಹೊಲಿದು, ನಮ್ಮ ಎಂಜಿನಿಯರುಗಳ ಬುದ್ಧಿ ಎಂದು ಜಾಹೀರಾತು ಹೊಡೆಸಿದ್ದರು. ಬಳೆಯನ್ನು ಶೇಠಜಿಯ ಮೇಜಿನ ಮೇಲೆ ಕುಕ್ಕಿದೆ.

"ಇದೇನ್ರಿ ಇದು?"

ಅವರು ನೋಡಿದರು. ಅವರಿಗೆ ತಿಳಿಯಿತು. ತಿಳಿಯಿತೆಂದು ನನಗೂ ತಿಳಿಯಿತು. "ಶಾಂತಾಬಾಯಿ, ಅದು ಹಳೇದು ಆತು. ಪಟ್ಟಿ ಮುಗಸು" ಎಂದರು.

ಪಟ್ಟಿ ಮುಗಿಸಲಿಲ್ಲ. ಅದೇ ಮಿಷನ್ನಿಗೆ ಹೊಸ ಕಾಗದ ಏರಿಸಿ, ಅವರ ಕಣ್ಣೆದುರಿಗೇ ಹೇಳಿಕೆಯನ್ನು ಪೂರ್ತಿ ಟೈಪ್ ಮಾಡಿದೆ. ಬಲಗಡೆಯ ಗಾಲಿ, ಬಿಚ್ಚದ ಗೂಟ, ಸಂಜೆತನಕ ಬಿಡಿ ಎಂದದ್ದು, ಮುಹೂರ್ತ, ಚಲ್ ಚಲ್, ಸಾಹೇಬನ ಅಡ್ಡ ಕೈ, ಎಲ್ಲವನ್ನೂ. ಕೆಳಗೆ ನನ್ನ ಸಹಿ. ಒಂದು ಪ್ರತಿ ಕಂಪನಿಗೆ, ಒಂದು ಲೈಸೆನ್ಸು ಕಸಿದ ಕಚೇರಿಗೆ ರಜಿಸ್ಟರ್ ಮಾಡಿದೆ. ಉತ್ತರ ಇಂದಿನವರೆಗೂ ಬಂದಿಲ್ಲ. ನೌಕರಿ ಅವರು ತೆಗೆಯುವ ಮುಂಚೆ ನಾನೇ ಬಿಟ್ಟೆ. ಮೂರನೆಯ ಪ್ರತಿಯನ್ನೂ ಒಂದು ಬಳೆಯನ್ನೂ ತೆಗೆದುಕೊಂಡು ಮರುದಿನ ಮೋಟರು ಹತ್ತಿ ಚಪಳಗಾಂವಕ್ಕೆ ಹೋದೆ. ಒಳಗೊಳಗೆ ಹುರುಪಿತ್ತು, ಸುಳ್ಳು ಯಾಕೆ ಹೇಳಲಿ. ಬೀರಪ್ಪ ನನ್ನನ್ನು ಹರಸುತ್ತಾನೆಂದೇ ಹೋಗಿದ್ದೆ.

ದೊಡ್ಡಿಯ ಮುಂದೆ ಅಣ್ಣತಮ್ಮಂದಿರ ಜೊತೆ ಕೂತು ಉಣ್ಣೆ ಕತ್ತರಿಸುತ್ತಿದ್ದ. ಮೊಣಕಾಲು ಮಡಚಲು ಬಾರದೆ ಒಂದು ಕಾಲು ಮುಂದೆ ಚಾಚಿಕೊಂಡಿದ್ದ. "ಬರ್ರಿ ಅಕ್ಕಾರ, ಬಿಸಲಾಗ ಬಂದೀರಿ" ಎಂದು ಕಂಬಳಿ ಹಾಸಿದ. ನಾನು ಬಳೆಯನ್ನು ಅವನ ಕೈಗಿಟ್ಟು ಎಲ್ಲ ಹೇಳಿದೆ. ಬೈದೆ, ಅತ್ತೆ, ಕಂಪನಿಯ ವಂಶವನ್ನೆಲ್ಲ ಜಾಲಾಡಿದೆ. ಅವನು ಬಳೆಯನ್ನು ಹೆಬ್ಬೆರಳಿನಿಂದ ತಿಕ್ಕಿದ, ಮೂಸಿದ, ಎಳೆದು ನೋಡಿದ.

"ಮಿಷನ್ ಉಣ್ಣಿ ಐತ್ರಿ. ಎಳಿ ಸಣ್ಣು. ಬರೇ ಇಂಜಿನ್ ಎಣ್ಣ್ಯಾಗ ಅದ್ದ್ಯಾರ, ಎರಡ ಬ್ಯಾಸಗಿಗೆ ಬಿರಸ ಆಗತೈತಿ. ಔಡಲ ಎಣ್ಣಿ ಹಾಕ್ರಿ ಅಂತ ಅವರಿಗೆ ಬರೀರಿ."

ನನಗೆ ತಲೆ ಕೆಟ್ಟಿತು. "ಬೀರಪ್ಪಣ್ಣಾ, ನಿನಗ ಸಿಟ್ಟ ಬರಂಗಿಲ್ಲೇನೋ? ಕದ್ದಾರ ಅವರು!" ಎಂದು ಕಿರುಚಿದೆ. ಟೈಪ್ ಮಾಡಿದ ಕಾಗದವನ್ನು ಅವನ ಮುಂದೆ ಹಿಡಿದೆ. "ನೋಡು, ಬಲಗಡಿ ಗಾಲಿದೆಲ್ಲಾ ಬರದೀನಿ. ಒಂದ ಮಾತ ಬಿಟ್ಟಿಲ್ಲ."

ಅವನು ಕಾಗದ ಮುಟ್ಟಲಿಲ್ಲ. ಕತ್ತರಿಯನ್ನು ಪಕ್ಕಕ್ಕಿಟ್ಟು, ಮೊದಲ ಸಲ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ.

"ಅವರು ಕಳ್ಳರ ಇರ್ಲಿ ಬಿಡ್ರಿ ಅಕ್ಕಾರ, ಅವರು ನಮ್ಮವರಲ್ಲ. ಆವತ್ತ ನಾ ಎಡಗಡಿದು ಹೇಳುವಾಗ ನಿಮ್ಮ ಮಿಷನ್ ಟಕಟಕ ಅಂತಿತ್ತು. ಬಲಗಡಿದು ಹೇಳುವಾಗ ಸುಮ್ಮನ ಇತ್ತು. ನನಗ ಓದಾಕ ಬರಂಗಿಲ್ಲ, ಕಿವಿ ಅದಾವು. ಆದ್ರೂ ಸಹಿ ಯಾಕ ಮಾಡಿದೆ? ಅಕ್ಕಾರು ಆಮ್ಯಾಲ ಅದನ್ನೂ ಟೈಪ್ ಹೊಡೀತಾರ, ಬಿಡಂಗಿಲ್ಲ ಅಂತ ತಿಳಕೊಂಡಿದ್ದೆ."

ನಾನು ಕಾಗದವನ್ನು ಮಡಚಿಕೊಂಡೆ. ಅವನು ಒಳಗೆ ಕೂಗಿ, ಅಕ್ಕಾರಿಗೆ ಮಜ್ಜಿಗಿ ತರ್ರಿ ಎಂದು ಹೇಳಿ, ಬಳೆಯನ್ನು ನನ್ನ ಕೈಗೆ ತಿರುಗಿ ಕೊಟ್ಟು, ಮುಂದಿನ ಕುರಿಯನ್ನು ಎಳೆದುಕೊಂಡ.